ಗೋಕರ್ಣದ ಕಡಲು ನೋಡಲು ಹೊರಟವರಿಗೆ

(ಚಿಕ್ಕೇರೂರಿನಲ್ಲಿ, ಅಧ್ಯಯನ ಪ್ರವಾಸಕ್ಕೆ ಹೊರಡಲಿದ್ದ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಲದ ಪ್ರವಾಸಕ್ಕೆ ಗೋಕರ್ಣವನ್ನು ಆರಿಸಿಕೊಂಡಿದ್ದೀರಿ ಎಂದು ತಿಳಿದು ಸಂತೋಷವಾಯಿತು. ನಮ್ಮ ಹಿರೇಕೆರೂರು, ಹಾನಗಲ್ಲ ಸೀಮೆಯ ಜನರಿಗೆ ಗೋಕರ್ಣ ಹೊಸತಲ್ಲ. ಹಿರಿಯರ ಅಸ್ಥಿಯನ್ನು ಹೊತ್ತು ಹೋದವರು, ಶಿವರಾತ್ರಿಯ ತೇರಿಗೆ ಹೋದವರು, ಸುಮ್ಮನೆ ಕಡಲು ನೋಡಲೆಂದೇ ಹೋದವರು ಈ ಸಭೆಯಲ್ಲಿಯೇ ಬಹಳ ಮಂದಿ ಇದ್ದಾರೆ. ಅಲ್ಲಿಂದ ಮರಳಿದವರು ದೇವಸ್ಥಾನದ ವಿಷಯ ಹೇಳುತ್ತಾರೆ, ಓಂ ಬೀಚಿನ ಚಿತ್ರ ತೋರಿಸುತ್ತಾರೆ. ಅದೇ ಊರಿನ ಬೆನ್ನಿಗಿರುವ ಅಳಿವೆಯನ್ನು ನೋಡಿ ಬಂದವರು ಅಪರೂಪ. ಇಂದಿನ ನನ್ನ ಮಾತು ಹೆಚ್ಚಾಗಿ ಆ ಅಳಿವೆಯನ್ನು ಕುರಿತದ್ದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ನೀರಿನ ಮಾತು ಬಂದಾಗಲೆಲ್ಲ ಒಂದು ವಾಕ್ಯ ಕೇಳಿಬರುತ್ತದೆ: ಘಟ್ಟದ ನೀರೆಲ್ಲ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ, ಅದನ್ನು ನಮ್ಮ ಕಡೆಗೆ ತಿರುಗಿಸಬೇಕು. ಆ ನೀರು ಸಮುದ್ರ ಸೇರುವ ಜಾಗಕ್ಕೇ ನೀವು ಹೊರಟಿದ್ದೀರಿ. ಅದು ಅಲ್ಲಿ ಏನು ಮಾಡುತ್ತಿದೆ ಎಂಬುದನ್ನು ನೀವೇ ಕಣ್ಣಾರೆ ನೋಡಿ ಬರಬಹುದು.

ಮೊದಲು ನಾವು ನಿಂತಿರುವ ನೆಲದ ಸಂಗತಿ. ಚಿಕ್ಕೇರೂರಿನಿಂದ ಪಡುವಣ ಕಡಲು ಹಕ್ಕಿ ಹಾರುವ ದಾರಿಯಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ. ಆದರೆ ನಮ್ಮೂರಿನ ಮೇಲೆ ಬಿದ್ದ ಮಳೆ ಆ ಕಡಲಿಗೆ ಹೋಗುವುದಿಲ್ಲ. ನಮ್ಮ ಕೆರೆಯ ಕೋಡಿ ದಾಟಿದ ನೀರು ಕೊನೆಗೆ ತುಂಗಭದ್ರೆಯನ್ನು ಸೇರಿ, ಕೃಷ್ಣೆಯೊಡನೆ ಶ್ರೀಶೈಲ, ನಾಗಾರ್ಜುನಸಾಗರಗಳನ್ನು ಹಾದು, ಮೂಡಣದ ಬಂಗಾಳ ಕೊಲ್ಲಿಯ ಕಡೆಗೆ ನೂರಾರು ಕಿಲೋಮೀಟರ್ ಸಾಗುತ್ತದೆ. ನೀರಿನ ಈ ಗಡಿ ಶಿರಸಿಯ ಆಸುಪಾಸಿನಲ್ಲಿದೆ. ಅಲ್ಲಿ ದಿಬ್ಬವೊಂದರ ಪೂರ್ವಕ್ಕೆ ಬಿದ್ದ ಹನಿ ವರದೆಯನ್ನು ಸೇರಿ ಬನವಾಸಿಯ ಮೇಲೆ ಹಾಯ್ದು ನಮ್ಮ ಹಾವೇರಿ ಜಿಲ್ಲೆಗೆ ಬರುತ್ತದೆ. ಅದೇ ದಿಬ್ಬದ ಪಶ್ಚಿಮಕ್ಕೆ ಬಿದ್ದ ಹನಿ ಅಘನಾಶಿನಿಯನ್ನು ಸೇರಿ ಗೋಕರ್ಣದ ಪಕ್ಕದಲ್ಲಿ ಕಡಲಿಗಿಳಿಯುತ್ತದೆ. ನಿಮ್ಮ ಬಸ್ಸು ಈ ಗಡಿಯನ್ನು ದಾಟಿಯೇ ಹೋಗಬೇಕು. ಶಿರಸಿ ದಾಟಿದ ಮೇಲೆ ಹಳ್ಳಗಳು ಯಾವ ದಿಕ್ಕಿಗೆ ಹರಿಯುತ್ತವೆ ಎಂದು ಕಿಟಕಿಯಿಂದ ಗಮನಿಸಿರಿ.

ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟದ ದಾರಿ. ಘಟ್ಟದ ಪಶ್ಚಿಮ ಮಗ್ಗುಲಿನಲ್ಲಿ ನಮ್ಮ ಊರಿನ ನಾಲ್ಕು ಪಟ್ಟಿಗೂ ಹೆಚ್ಚು ಮಳೆ ಸುರಿಯುತ್ತದೆ. ಇದೇ ದಾರಿಯಿಂದ ಸ್ವಲ್ಪ ಒಳಕ್ಕೆ ಹೋದರೆ ಯಾಣ. ಅಲ್ಲಿನ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರ. ಕಪ್ಪು ಸುಣ್ಣದ ಕಲ್ಲನ್ನು ಲಕ್ಷಾಂತರ ವರ್ಷಗಳ ಮಳೆ ತಿಂದು ತಿಂದು ಉಳಿಸಿದ ಗೋಡೆಗಳು ಅವು. ಭಸ್ಮಾಸುರನ ಕಥೆಯನ್ನು ಪೂಜಾರಿಗಳು ಹೇಳುತ್ತಾರೆ, ಕೇಳಿರಿ. ಬಂಡೆಯ ಸೀಳಿನಲ್ಲಿ ನಿಂತು ಮೇಲೆ ನೋಡಿದಾಗ ನೀರಿಗೆ ಎಷ್ಟು ಶಕ್ತಿಯಿದೆ ಎಂಬುದೂ ತಿಳಿಯುತ್ತದೆ.

ಕುಮಟೆಯಿಂದ ಉತ್ತರಕ್ಕೆ ಹೊರಟರೆ ಮಿರ್ಜಾನ ಸಿಗುತ್ತದೆ. ಚಿರೆಕಲ್ಲಿನಲ್ಲಿ ಕಟ್ಟಿದ ಕೋಟೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯ ಹೆಸರು ಇದರೊಡನೆ ಸೇರಿಕೊಂಡಿದೆ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ಘಟ್ಟದ ಮೇಲಿನ ಕಾಳುಮೆಣಸು ಅಘನಾಶಿನಿಯ ದೋಣಿಗಳಲ್ಲಿ ಇಳಿದು ಬಂದು ಇಲ್ಲಿಂದ ಹಡಗು ಹತ್ತುತ್ತಿತ್ತು. ಕೋಟೆಯ ಕಂದಕ, ಬಾವಿಗಳನ್ನು ನೋಡುವುದಕ್ಕೆ ಒಂದು ಗಂಟೆ ಸಾಕು. ಬಹಳ ಹೊತ್ತು ಅಲ್ಲಿ ಕಳೆಯಬೇಡಿರಿ.

ಇನ್ನು ಗೋಕರ್ಣ. ಈ ಊರು ಎಷ್ಟು ಹಳೆಯದೆಂದರೆ ಕಾಳಿದಾಸನ ರಘುವಂಶದಲ್ಲಿಯೇ ಅದರ ಹೆಸರಿದೆ. ದಕ್ಷಿಣ ಸಮುದ್ರದ ದಡದ ಗೋಕರ್ಣದ ಈಶ್ವರನ ಸನ್ನಿಧಿಗೆ ನಾರದನು ವೀಣೆ ಹಿಡಿದು ಹೋಗುತ್ತಿರುವಾಗ ಹೂಮಾಲೆಯೊಂದು ಜಾರಿ ಇಂದುಮತಿಯ ಮೇಲೆ ಬಿದ್ದ ಪ್ರಸಂಗ ಅದು. ಮಹಾಬಲೇಶ್ವರನ ಗುಡಿ, ರಾವಣನಿಂದ ಆತ್ಮಲಿಂಗವನ್ನು ಉಪಾಯದಿಂದ ಕೆಳಗಿರಿಸಿದ ಗಣಪತಿಯ ಗುಡಿ, ಕಲ್ಲಿನ ಮೆಟ್ಟಿಲುಗಳ ಕೋಟಿತೀರ್ಥ, ತೇರಿನ ಬೀದಿ ಇವೆಲ್ಲ ಒಂದರ ಪಕ್ಕ ಒಂದಿವೆ. ಪೇಟೆಯ ಅಂಚಿನಲ್ಲಿ ಹಾಲಕ್ಕಿ ಒಕ್ಕಲಿಗ ತಾಯಂದಿರು ಕೊರಳ ತುಂಬ ಮಣಿಸರ ಧರಿಸಿ ತಾವೇ ಬೆಳೆದ ಸೊಪ್ಪು, ತರಕಾರಿ ಮಾರುತ್ತಿರುತ್ತಾರೆ. ಅವರ ಅನುಮತಿ ಕೇಳದೆ ಮೊಬೈಲು ಹಿಡಿದು ಚಿತ್ರ ತೆಗೆಯಬೇಡಿರಿ. ನಮ್ಮ ಸಂತೆಯಲ್ಲಿ ಕುಳಿತ ನಮ್ಮ ಅವ್ವಂದಿರ ಮುಖಕ್ಕೆ ಯಾರೋ ಹಾಗೆ ಮಾಡಿದರೆ ನಮಗೆ ಹಿಡಿಸುತ್ತದೆಯೇ?

ಊರಿನ ಮುಂದಿನ ದೊಡ್ಡ ಕಡಲತೀರದಿಂದ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಇನ್ನೊಂದು ಗುಡ್ಡ ದಾಟಿದರೆ ಓಂ, ಅದರಾಚೆ ಹಾಫ್ ಮೂನ್, ಕಟ್ಟಕಡೆಗೆ ಪ್ಯಾರಡೈಸ್. ಕೊನೆಯ ಎರಡಕ್ಕೆ ವಾಹನದ ದಾರಿಯಿಲ್ಲ, ನಡೆದೋ ದೋಣಿಯಲ್ಲೋ ಹೋಗಬೇಕು. ಸಾಧ್ಯವಾದಷ್ಟು ನಡೆದೇ ನೋಡಿರಿ ಎಂದು ನನ್ನ ಸಲಹೆ. ನಡೆದರೆ ಮಾತ್ರ ಈ ತೀರದ ರಚನೆ ಅರ್ಥವಾಗುತ್ತದೆ. ಚಿರೆಕಲ್ಲಿನ ಗುಡ್ಡಗಳು ಬೆರಳುಗಳಂತೆ ಕಡಲಿಗೆ ಚಾಚಿಕೊಂಡಿವೆ. ಎರಡು ಬೆರಳುಗಳ ನಡುವಿನ ಸಂದಿಯಲ್ಲಿ ಅಲೆಯ ಹೊಡೆತ ಕಡಿಮೆ. ಅಲ್ಲಿ ಮರಳು ನಿಂತು ತೀರವಾಗುತ್ತದೆ. ಓಂ ತೀರದಲ್ಲಿ ನಡುವೆ ಒಂದು ಬಂಡೆಯ ಮೂಗು, ಅದರ ಎರಡೂ ಬದಿಗೆ ಅರ್ಧಚಂದ್ರದಂತಹ ಕೊಲ್ಲಿ. ಗುಡ್ಡದ ಮೇಲಿನಿಂದ ನೋಡಿದರೆ ಓಂಕಾರದ ಆಕೃತಿ ಕಾಣುತ್ತದೆ. 1990ರ ದಶಕದಲ್ಲಿ ಗೋವೆಯ ಗದ್ದಲದಿಂದ ತಪ್ಪಿಸಿಕೊಂಡು ಬಂದ ಹೊರದೇಶದವರು ಈ ತೀರಗಳನ್ನು ಹುಡುಕಿಕೊಂಡರು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ದಾರಿ ಇನ್ನೂ ಸುಲಭವಾಯಿತು. ಈಗ ವಾರದ ಕೊನೆಯಲ್ಲಿ ಬೆಂಗಳೂರು, ಹುಬ್ಬಳ್ಳಿಗಳಿಂದ ಬರುವವರೇ ಹೆಚ್ಚು.

ಈ ಮರಳು ಎಲ್ಲಿಂದ ಬಂತು? ಕಡಲು ಅದನ್ನು ತನ್ನ ಹೊಟ್ಟೆಯಿಂದ ತೆಗೆದು ಕೊಟ್ಟದ್ದಲ್ಲ. ಅದರಲ್ಲಿ ಚಿಪ್ಪಿನ ಚೂರುಗಳಿವೆ, ದಡದ ಬಂಡೆ ಸವೆದ ಹುಡಿಯೂ ಇದೆ. ಆದರೆ ಬಹುಪಾಲು ನದಿಗಳು ಘಟ್ಟದಿಂದ ಹೊತ್ತು ತಂದದ್ದು. ಗೋಕರ್ಣದ ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ಗಂಗಾವಳಿಯೆಂದರೆ ಬೇರೆಯಲ್ಲ, ಧಾರವಾಡದ ಕಡೆಯಿಂದ ಯಲ್ಲಾಪುರದ ಕಾಡುಗಳನ್ನು ಹಾದು ಬರುವ ಬೇಡ್ತಿಯೇ. ಮಳೆಗಾಲದ ನೆರೆಯಲ್ಲಿ ಈ ಎರಡು ಹೊಳೆಗಳು ಮರಳು, ಮೆಕ್ಕಲುಗಳನ್ನು ಕಡಲಿಗೆ ಸುರಿಯುತ್ತವೆ. ಕಡಲಿನ ಸೆಳೆತಗಳು ಅದನ್ನು ತೀರದುದ್ದಕ್ಕೂ ಹಂಚುತ್ತವೆ. ಮಳೆಗಾಲದ ದೊಡ್ಡ ಅಲೆಗಳು ತೀರವನ್ನು ಕೊರೆದು ಮರಳನ್ನು ಒಳಕ್ಕೆ ಎಳೆಯುತ್ತವೆ, ಚಳಿಗಾಲದ ಸಣ್ಣ ಅಲೆಗಳು ಅದನ್ನೇ ಮರಳಿ ತಂದು ಹಾಸುತ್ತವೆ. ಇದು ವರ್ಷವರ್ಷವೂ ನಡೆಯುವ ಕೊಡುಕೊಳ್ಳುವಿಕೆ. ಘಟ್ಟದಿಂದ ಬರುವ ಪಾಲು ನಿಂತರೆ ಲೆಕ್ಕ ಕೂಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ನಿಮ್ಮ ವಯಸ್ಸಿನ ಮಕ್ಕಳು. ಕೆರೆಯಲ್ಲಿ, ಬಾವಿಯಲ್ಲಿ ಈಜು ಬಲ್ಲವರಿಗೆ ಕಡಲೂ ಅಷ್ಟೇ ಎಂಬ ಧೈರ್ಯ ಬರುತ್ತದೆ. ಕೆರೆಯ ನೀರು ಎಳೆಯುವುದಿಲ್ಲ, ಕಡಲಿನ ನೀರು ಎಳೆಯುತ್ತದೆ. ದಡಕ್ಕೆ ಅಪ್ಪಳಿಸಿದ ಅಲೆಗಳ ನೀರು ಹಿಂದಿರುಗುವಾಗ ಒಂದು ಕಿರಿದಾದ ಓಣಿ ಹಿಡಿದು ರಭಸದಿಂದ ಒಳಕ್ಕೆ ಓಡುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಸ್ವಲ್ಪ ಕಪ್ಪಾಗಿ ಶಾಂತವಾಗಿ ಕಾಣುತ್ತದೆ. ಆದ್ದರಿಂದಲೇ ಅರಿಯದವರು ಅದೇ ಜಾಗವನ್ನು ಆರಿಸುತ್ತಾರೆ. ಅಕಸ್ಮಾತ್ ಆ ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದ ಕಡೆಗೆ ಈಜಿದರೆ ಸೋತುಹೋಗುತ್ತಾರೆ. ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ ಓಣಿಯಿಂದ ಹೊರಬಂದು ಆಮೇಲೆ ದಡದ ಕಡೆ ತಿರುಗಬೇಕು. ಆದರೆ ನಿಮಗೆ ಈ ವಿದ್ಯೆಯ ಅಗತ್ಯವೇ ಬಾರದಿರಲಿ. ಪಾದ ನೆನೆಯುವಷ್ಟು ನೀರು ಸಾಕು. ಜೀವರಕ್ಷಕರು ಸೀಟಿ ಊದಿದರೆ ಮರುಮಾತಿಲ್ಲದೆ ಹೊರಬನ್ನಿರಿ. ಓಂ ತೀರದ ಪಾಚಿ ಕಟ್ಟಿದ ಬಂಡೆಗಳ ಮೇಲೆ ಚಿತ್ರಕ್ಕಾಗಿ ನಿಲ್ಲುವುದನ್ನು ಗುರುಗಳು ಕಟ್ಟುನಿಟ್ಟಾಗಿ ತಡೆಯಬೇಕೆಂದು ಪ್ರಾರ್ಥಿಸುತ್ತೇನೆ.

ಮೊದಲ ದಿನ ಇಷ್ಟು. ಎರಡನೆಯ ದಿನವನ್ನು ಪೂರ್ಣವಾಗಿ ಅಳಿವೆಗೆ ಮೀಸಲಿಡಿರಿ.

ಗೋಕರ್ಣದಿಂದ ಸ್ವಲ್ಪವೇ ದೂರದಲ್ಲಿ ತದಡಿ ಬಂದರು. ಎದುರು ದಡದಲ್ಲಿ ಅಘನಾಶಿನಿ ಎಂಬ ಊರು. ನಡುವೆ ಹೊಳೆ ಕಡಲನ್ನು ಕೂಡುತ್ತದೆ. ಶಿರಸಿಯ ಶಂಕರಹೊಂಡದ ಕಡೆಯಿಂದ ಹೊರಟು, ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಬರುವ ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟೆಯಿಲ್ಲ. ಶರಾವತಿ, ಕಾಳಿಗಳ ಜಿಲ್ಲೆಯಲ್ಲಿ ಹೀಗೆ ಕಟ್ಟಿಲ್ಲದೆ ಉಳಿದ ದೊಡ್ಡ ಹೊಳೆ ಕಾಣಸಿಗುವುದು ವಿರಳ. ಅದಕ್ಕೇ ಇಲ್ಲಿ ಹೊಳೆ ಮತ್ತು ಕಡಲು ಇನ್ನೂ ತಮ್ಮ ಹಳೆಯ ಕ್ರಮದಲ್ಲಿಯೇ ಸೇರುತ್ತವೆ.

ಆ ಕ್ರಮ ಹೀಗಿದೆ. ದಿನಕ್ಕೆ ಎರಡು ಸಲ ಕಡಲು ಉಬ್ಬಿ ಉಪ್ಪುನೀರು ಹೊಳೆಯೊಳಕ್ಕೆ ಕಿಲೋಮೀಟರುಗಟ್ಟಲೆ ಏರುತ್ತದೆ, ಇದು ಭರತ. ಎರಡು ಸಲ ಇಳಿಯುತ್ತದೆ, ಇದು ಇಳಿತ. ಮಳೆಗಾಲದಲ್ಲಿ ಹೊಳೆಯ ಕೈ ಮೇಲು, ಅಳಿವೆ ಬಹುಮಟ್ಟಿಗೆ ಸಿಹಿಯಾಗುತ್ತದೆ. ಬೇಸಿಗೆಯಲ್ಲಿ ಕಡಲಿನ ಕೈ ಮೇಲು, ನೀರು ಉಪ್ಪೇರುತ್ತದೆ. ಈ ಏರಿಳಿತಕ್ಕೆ, ಸಿಹಿ ಉಪ್ಪುಗಳ ಈ ಸರದಿಗೆ ಹೊಂದಿಕೊಂಡ ಜೀವಗಳ ಒಂದು ಲೋಕವೇ ಅಲ್ಲಿದೆ. ಕಾಂಡ್ಲಾ ಗಿಡಗಳು ಕೆಸರಿನಿಂದ ಬೇರುಗಳನ್ನು ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಅವುಗಳ ಬೇರಿನ ಸಂದಿಯಲ್ಲಿ ಸಿಗಡಿ, ಏಡಿ, ಮೀನುಗಳ ಮರಿಗಳು ಬೆಳೆಯುತ್ತವೆ. ಕಡಲಿನಲ್ಲಿ ಹಿಡಿಯುವ ಎಷ್ಟೋ ಮೀನಿಗೆ ಬಾಲ್ಯ ಕಳೆಯಲು ಇಂಥ ಅಳಿವೆಯೇ ಆಶ್ರಯ.

ಇಳಿತದ ಹೊತ್ತಿಗೆ ನೀವು ತದಡಿಯ ದಡದಲ್ಲಿ ನಿಂತಿದ್ದರೆ ಹೊಳೆಯ ನಡುವೆ ದಿಬ್ಬಗಳು ಮೇಲೇಳುವುದು ಕಾಣುತ್ತದೆ. ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಅಲ್ಲಿಗೆ ಇಳಿಯುತ್ತಾರೆ. ಮೊಣಕಾಲು ನೀರಿನಲ್ಲಿ ಬಗ್ಗಿ, ಮರಳಿನೊಳಗೆ ಕೈಯಾಡಿಸಿ ಬೆಳಚು ಎಂಬ ಚಿಪ್ಪಿನ ಜೀವವನ್ನು ಆರಿಸುತ್ತಾರೆ. ಬಂಡೆಗೆ ಅಂಟಿದ ಕಲುವವನ್ನು ಕಿತ್ತು ತೆಗೆಯುವವರು ಬೇರೆ. ಇದಕ್ಕೆ ದೋಣಿ ಬೇಡ, ಬಲೆ ಬೇಡ, ಬಂಡವಾಳ ಬೇಡ. ನೀರು ಮತ್ತೆ ಏರುವ ಮೊದಲು ಬುಟ್ಟಿ ತುಂಬಿದರೆ ಅಂದಿನ ಮನೆಯ ಅಡಿಗೆಯೂ ಆಯಿತು, ಪೇಟೆಯಲ್ಲಿ ನಾಲ್ಕು ಕಾಸೂ ಆಯಿತು. ಖಾಲಿ ಚಿಪ್ಪು ಸುಣ್ಣಕ್ಕೆ ಹೋಗುತ್ತದೆ. ಹೊಲವಿಲ್ಲದ, ದೋಣಿಯಿಲ್ಲದ ಬಡ ಕುಟುಂಬಗಳಿಗೆ ಈ ದಿಬ್ಬಗಳೇ ಹೊಲ. ಬರಗಾಲದಲ್ಲಿ ನಮ್ಮ ಭಾಗದ ಕೂಲಿಯವರು ಗುಳೆ ಹೋಗುವುದನ್ನು ಕಂಡಿರುವ ನಮಗೆ ಹೀಗೊಂದು ಆಸರೆಯ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಳಿವೆಯ ಅಂಚಿಗೆ ಗಜನಿ ಗದ್ದೆಗಳಿವೆ. ಮಾಣಿಕಟ್ಟೆಯ ಕಡೆ ಹೋಗಿ ನೋಡಿರಿ. ಭರತದ ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ, ತೂಬಿಗೆ ಬಾಗಿಲು ಇಟ್ಟ ತಗ್ಗು ಗದ್ದೆಗಳು ಇವು. ಮಳೆ ಬಿದ್ದು ಉಪ್ಪು ತೊಳೆದುಹೋಗುವಾಗ ಇಲ್ಲಿ ಕಗ್ಗ ಎಂಬ ಭತ್ತವನ್ನು ಬಿತ್ತುತ್ತಾರೆ. ಉಪ್ಪಿಗೂ ಬಗ್ಗದ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಸಾಯದ ತಳಿ. ಗೊಬ್ಬರ, ಔಷಧಿಗಳ ಹಂಗಿಲ್ಲ. ಹೊಳೆ ತಂದ ಮೆಕ್ಕಲೇ ಅದಕ್ಕೆ ಗೊಬ್ಬರ. ಕೊಯ್ಲಾದ ಮೇಲೆ ತೂಬಿನ ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಡುತ್ತಾರೆ. ಅದರೊಡನೆ ಸಿಗಡಿ, ಮೀನುಗಳು ಬರುತ್ತವೆ, ಕೂಳೆ ಕೊಳೆತ ಕೆಸರಿನಲ್ಲಿ ಮೇಯ್ದು ಬಲಿಯುತ್ತವೆ. ಒಂದೇ ನೆಲ ಆರು ತಿಂಗಳು ಗದ್ದೆ, ಆರು ತಿಂಗಳು ಮೀನಿನ ಕೆರೆ. ಗೋವಿನಜೋಳಕ್ಕೆ ಚೀಲಗಟ್ಟಲೆ ಗೊಬ್ಬರ ಸುರಿದು ಸಾಲದಲ್ಲಿ ಕುಳಿತಿರುವ ನಮ್ಮ ರೈತರು ಈ ಒಕ್ಕಲುತನವನ್ನು ಒಮ್ಮೆ ನೋಡಬೇಕು. ಈಗ ಅದನ್ನು ಮಾಡುವವರು ಕಡಿಮೆಯಾಗಿದ್ದಾರೆ. ಒಡ್ಡಿನ ದುರಸ್ತಿಗೆ ಊರೆಲ್ಲ ಕೂಡಿ ದುಡಿಯುವ ರೂಢಿ ಸಡಿಲವಾದದ್ದು ಒಂದು ಕಾರಣ, ಸಿಗಡಿಯ ಹಣದ ಆಸೆಗೆ ಭತ್ತವನ್ನು ಕೈಬಿಟ್ಟದ್ದು ಇನ್ನೊಂದು.

ಅದೇ ಅಳಿವೆಯ ದಡದಲ್ಲಿ ಸಾಣಿಕಟ್ಟೆ. ಅಲ್ಲಿ ಉಪ್ಪು ಬೆಳೆಯುತ್ತಾರೆ. ಬೆಳೆಯುತ್ತಾರೆ ಎಂದೇ ಹೇಳಬೇಕು, ಏಕೆಂದರೆ ಮಡಿ ಹದ ಮಾಡಿ, ನೀರು ಕಟ್ಟಿ, ಬಿಸಿಲಿಗೆ ಕಾಯ್ದು, ಗೋರಿ ತೆಗೆಯುವ ಕೆಲಸವೆಲ್ಲ ಒಕ್ಕಲುತನದಂತೆಯೇ ಇದೆ. ಮಣ್ಣಿನ ಮಡಿಯಲ್ಲಿ ಆದ ಈ ಉಪ್ಪು ಅಂಗಡಿಯ ಪುಡಿಯುಪ್ಪಿನಂತೆ ಅಚ್ಚ ಬಿಳಿಯಲ್ಲ, ತುಸು ಕಂದು. 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದನ್ನು ಪಠ್ಯದಲ್ಲಿ ಓದಿದ್ದೀರಿ. ಆ ಕಾಲದ ಜನ ಒಂದು ಹಿಡಿ ಉಪ್ಪಿಗಾಗಿ ಏಕೆ ಸೆರೆಮನೆಗೆ ಹೋದರು ಎಂಬುದು ಈ ಮಡಿಗಳ ಬಿಸಿಲಿನಲ್ಲಿ ಅರ್ಧ ಗಂಟೆ ನಿಂತರೆ ಇನ್ನೂ ಚೆನ್ನಾಗಿ ತಿಳಿದೀತು.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗು ತಾಣಗಳ ಪಟ್ಟಿಗೆ ಸೇರಿತು. ಅದರೊಡನೆಯೇ ಆ ಪಟ್ಟಿಗೆ ಸೇರಿದ ಇನ್ನೊಂದು ತಾಣ ನಮಗೆ ಹತ್ತಿರದ್ದು, ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುವ ಕೆರೆ ಅದು. ಅಘನಾಶಿನಿಯ ಅಳಿವೆ 6,000ದಿಂದ 7,500 ಕುಟುಂಬಗಳ ಜೀವನಕ್ಕೆ ಆಧಾರ ಎಂದು ಆ ಸಂದರ್ಭದಲ್ಲಿ ದಾಖಲಾಗಿದೆ. ಈ ಅಂಕಿಯನ್ನು ದಯವಿಟ್ಟು ಬರೆದುಕೊಳ್ಳಿರಿ. ಕುಮಟಾ, ಹೊನ್ನಾವರ ಪಟ್ಟಣಗಳ ನಲ್ಲಿಗಳಲ್ಲಿ ಬರುವ ನೀರು ಕೂಡ ಇದೇ ಹೊಳೆಯದು. 2006ರ ಹೊತ್ತಿಗೆ ತದಡಿಯಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. ಜನರು ಒಪ್ಪಲಿಲ್ಲ, ಅದು ಕೈಬಿಟ್ಟುಹೋಯಿತು. ಇಲ್ಲದಿದ್ದರೆ ಇಂದು ನೀವು ನೋಡಲು ಹೊರಟಿರುವುದು ಬೇರೆಯೇ ಆಗಿರುತ್ತಿತ್ತು.

ಈಗ ಮೊದಲು ಹೇಳಿದ ಆ ವಾಕ್ಯಕ್ಕೆ ಬರುತ್ತೇನೆ. ಸಮುದ್ರ ಸೇರುವ ನೀರು ವ್ಯರ್ಥವೇ?

ನೀವು ಊಹಿಸಬೇಕಾಗಿಲ್ಲ, ಹೋಲಿಸಿ ನೋಡಲು ಪಕ್ಕದಲ್ಲಿಯೇ ಶರಾವತಿ ಇದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆಯಾಯಿತು, ಆಮೇಲೆ ಗೇರುಸೊಪ್ಪೆಯ ಕಟ್ಟೆ. ನಮ್ಮ ಮನೆಗಳಲ್ಲಿ ಉರಿಯುವ ದೀಪದಲ್ಲಿ ಅದರ ಪಾಲಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿದ್ಯುತ್ತಿಗಾಗಿ ವರ್ಷವಿಡೀ ಸಿಹಿನೀರನ್ನು ಹೊಳೆಗೆ ಬಿಡುವುದರಿಂದ ಹೊನ್ನಾವರದ ಅಳಿವೆಯಲ್ಲಿ ಬೇಸಿಗೆಯ ಉಪ್ಪು ಏರದಾಯಿತು. ಸಿಹಿ ಉಪ್ಪುಗಳ ಸರದಿ ತಪ್ಪಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ, ಅಘನಾಶಿನಿಯಲ್ಲಿ ಸಮೃದ್ಧವಾಗಿರುವ ಚಿಪ್ಪುಜೀವಿಗಳು ಶರಾವತಿಯಲ್ಲಿ ಕ್ಷೀಣಿಸಿರುವುದನ್ನೂ ಮೀನಿನ ಬಗೆಗಳು ಕಡಿಮೆಯಿರುವುದನ್ನೂ ದಾಖಲಿಸಿದ್ದಾರೆ. ನೀರು ಕಡಿಮೆಯಾದರೆ ಮಾತ್ರ ಕೇಡು ಎಂದಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಂದರೂ ಅಳಿವೆ ಸೊರಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ದೂರದ ಉದಾಹರಣೆಯೊಂದನ್ನೂ ಹೇಳುತ್ತೇನೆ. ಈಜಿಪ್ಟಿನ ನೈಲ್ ನದಿ ಭೂಮಧ್ಯ ಸಮುದ್ರವನ್ನು ಸೇರುತ್ತದೆ. ಜಗತ್ತಿನ ಪ್ರವಾಸಿಗರೆಲ್ಲ ಬಯಸಿ ಹೋಗುವ ಕಡಲತೀರದ ಪಟ್ಟಣಗಳು ಆ ಸಮುದ್ರದ ಸುತ್ತಲೂ ಇವೆ. ನೋಡಲು ನೀಲಿ, ಸುಂದರ. ಆದರೆ ಆ ನೀರಿನಲ್ಲಿ ಮೀನಿಗೆ ಆಹಾರ ಕಡಿಮೆ. ಪ್ರತಿವರ್ಷ ನೈಲ್ ನದಿಯ ನೆರೆ ತರುತ್ತಿದ್ದ ಸಾರದಿಂದ ನದಿಯ ಮುಖಜದ ಮುಂದೆ ತಾರ್ಲೆ ಜಾತಿಯ ಮೀನು ತಂಡೋಪತಂಡವಾಗಿ ಸೇರುತ್ತಿತ್ತು. 1964ರಿಂದ ಆಸ್ವಾನಿನ ದೊಡ್ಡ ಅಣೆಕಟ್ಟು ನೆರೆಯನ್ನು ಹಿಡಿದಿಡತೊಡಗಿತು. 1962ರಲ್ಲಿ ಸುಮಾರು 18,000 ಟನ್ ಇದ್ದ ಆ ಮೀನಿನ ಹಿಡುವಳಿ ಆ ದಶಕದ ಕೊನೆಗೆ ಸಾವಿರ ಟನ್ನಿಗೂ ಕೆಳಗಿಳಿಯಿತು. ಎಷ್ಟೋ ವರ್ಷಗಳ ನಂತರ ಮೀನು ಮತ್ತೆ ಹೆಚ್ಚಿತು, ನಿಜ. ಆದರೆ ಅದಕ್ಕೆ ಹೊಲಗಳ ರಾಸಾಯನಿಕ ಗೊಬ್ಬರವೂ ನಗರಗಳ ಕೊಳಚೆಯೂ ಕಾರಣ ಎನ್ನುತ್ತಾರೆ. ಮೆಕ್ಕಲು ಮಾತ್ರ ಮರಳಿ ಬರಲಿಲ್ಲ. ರಶೀದ್ ಪಟ್ಟಣದ ಬಳಿಯ ದಡವನ್ನು ಕಡಲು ಕೊರೆದು ಒಳಕ್ಕೆ ಬಂದಿತು. ನಮ್ಮ ಊರಿನ ನೀರು ಹೋಗುವ ಕೃಷ್ಣೆಯ ಕಥೆಯೂ ಬಹಳ ಬೇರೆಯಲ್ಲ. ಸಾಲು ಕಟ್ಟೆಗಳನ್ನು ದಾಟಿ ಅದು ಸಮುದ್ರ ಮುಟ್ಟುವುದೇ ಎಷ್ಟೋ ವರ್ಷ ಅಪರೂಪ. ಅದರ ಮುಖಜ ಭೂಮಿಯ ಅಂಚೂ ಸವೆಯುತ್ತಿದೆ.

ಈಗ ಗೋಕರ್ಣದ ಎರಡೂ ಬದಿಯ ಹೊಳೆಗಳ ಮೇಲೆ ಯೋಜನೆಗಳ ಕಣ್ಣು ಬಿದ್ದಿದೆ. ಬೇಡ್ತಿಯ ನೀರನ್ನು ಎತ್ತಿ ವರದೆಗೆ ಸೇರಿಸುವ ಬೇಡ್ತಿ–ವರದಾ ಜೋಡಣೆ, ಅಘನಾಶಿನಿಯ ನೀರನ್ನು ವೇದಾವತಿಯ ಕಡೆಗೆ ಒಯ್ಯುವ ಇನ್ನೊಂದು ಜೋಡಣೆ. ಬೇಡ್ತಿ–ವರದಾ ಯೋಜನೆಯ ಫಲಾನುಭವಿಗಳ ಹೆಸರಿನಲ್ಲಿ ನಮ್ಮ ಹಾವೇರಿ ಜಿಲ್ಲೆಯೂ ಇದೆ. ಆದ್ದರಿಂದ ಚಿಕ್ಕೇರೂರಿನಲ್ಲಿ ನಿಂತು ಈ ಮಾತು ಆಡುವುದು ನನಗೆ ಸುಲಭವಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಿದ್ದನ್ನು ನಾವು ಮರೆತಿಲ್ಲ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆ ಬಾವಿಗಳು, ಒಣಗಿದ ಹತ್ತಿ, ಟ್ಯಾಂಕರಿಗೆ ಕಾದ ಕೊಡಗಳು ಎಲ್ಲವೂ ನಿಜ. ಬಾಯಾರಿದವನಿಗೆ ಕಾಡಿನ ಕಥೆ ಹೇಳಬೇಡಿರಿ ಎಂದು ನಮ್ಮ ರೈತ ಸಂಘಟನೆಗಳ ಹಿರಿಯರು ಕೇಳುವುದರಲ್ಲಿ ತಪ್ಪಿಲ್ಲ.

ಯೋಜನೆಯ ಪರವಾಗಿ ಹೇಳುವವರ ಮುಖ್ಯ ವಾದವನ್ನೂ ಸರಿಯಾಗಿ ಕೇಳಬೇಕು. ನಾವು ಒಯ್ಯುವುದು ಮಳೆಗಾಲದ ಹೆಚ್ಚುವರಿ ನೀರನ್ನು ಮಾತ್ರ, ಬೇಸಿಗೆಯ ಹರಿವಿಗೆ ಕೈ ಹಾಕುವುದಿಲ್ಲ ಎನ್ನುತ್ತಾರೆ. ಆದರೆ ಅಳಿವೆಯಲ್ಲಿ ನೀವು ನೋಡುವ ಕೆಲಸವೆಲ್ಲ ನಡೆಯುವುದು ಮಳೆಗಾಲದ ನೀರಿನಿಂದಲೇ. ಗಜನಿಯ ಉಪ್ಪನ್ನು ತೊಳೆಯುವುದು ಅದು, ಕಗ್ಗಕ್ಕೆ ಮೆಕ್ಕಲು ತರುವುದು ಅದು, ತೀರಕ್ಕೆ ಮರಳು ಹೊರುವುದು ಅದು. ಹೆಚ್ಚುವರಿ ಎಂಬ ಶಬ್ದವನ್ನು ಘಟ್ಟದ ಮೇಲೆ ಕುಳಿತು ಲೆಕ್ಕ ಹಾಕಿದವರು ಬಳಸುತ್ತಾರೆ. ಬೆಳಚು ಆರಿಸುವ ತಾಯಿಯನ್ನು ಯಾರೂ ಆ ಲೆಕ್ಕಕ್ಕೆ ಕರೆದಿಲ್ಲ. ಇದಲ್ಲದೆ, ನಮ್ಮ ವರದೆಯೇ ಮಳೆಗಾಲದಲ್ಲಿ ದಡ ಮೀರಿ ಹಾನಗಲ್ಲ, ಹಾವೇರಿಯ ಹೊಲಗಳನ್ನು ಮುಳುಗಿಸುತ್ತದೆ. ಆ ಹೊತ್ತಿಗೆ ಇನ್ನೊಂದು ಹೊಳೆಯ ನೆರೆಯನ್ನು ಅದಕ್ಕೆ ತಂದು ಸೇರಿಸಿದರೆ ಇಡುವುದೆಲ್ಲಿ? ನಮ್ಮ ಕೆರೆಗಳ ಹೂಳು ಅರ್ಧ ಪಾತ್ರವನ್ನು ತಿಂದಿದೆ, ಕಾಲುವೆಗಳು ಒತ್ತುವರಿಯಾಗಿವೆ. ಮಾಸೂರಿನ ಬಳಿ ಎರಡು ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ಮದಗದ ಕೆರೆಯನ್ನು ಕಟ್ಟಿದವರು ನಮ್ಮ ಹಿರಿಯರೇ. ಕೆಂಚಮ್ಮನ ಕಥೆಯಿಂದ ಕರ್ನಾಟಕವೆಲ್ಲ ಬಲ್ಲ ಕೆರೆ ಅದು. ಮೊದಲು ನಮ್ಮ ಮೇಲೆ ಬಿದ್ದ ಮಳೆಯ ಲೆಕ್ಕವನ್ನು ಕೊಟ್ಟು, ಆಮೇಲೆ ಘಟ್ಟದ ಕೆಳಗಿನವರ ನೀರನ್ನು ಕೇಳುವುದು ನ್ಯಾಯ ಎಂದು ನನಗೆ ತೋರುತ್ತದೆ. ನನ್ನ ಮಾತನ್ನು ನೀವು ಒಪ್ಪಲೇಬೇಕೆಂದಿಲ್ಲ. ಅಳಿವೆಯನ್ನು ನೋಡಿ ಬಂದ ಮೇಲೆ ಒಪ್ಪಿರಿ ಅಥವಾ ವಿರೋಧಿಸಿರಿ.

ಕೊನೆಗೆ ಕೆಲವು ಕೆಲಸದ ಮಾತುಗಳು. ಊಟಕ್ಕೆ ರೊಟ್ಟಿ, ಚಟ್ನಿ ಕಟ್ಟಿಕೊಂಡು ಹೋಗುತ್ತೀರಿ, ಒಳ್ಳೆಯದು. ಬಟ್ಟೆಯಲ್ಲಿ ಕಟ್ಟಿರಿ, ಪ್ಲಾಸ್ಟಿಕ್ಕಿನಲ್ಲಿ ಬೇಡ. ನೀರಿಗೆ ಮನೆಯಿಂದಲೇ ಬಾಟಲಿ ಒಯ್ಯಿರಿ. ಈ ತೀರದ ಮರಳಿಗೆ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬಲೆ ಅಥವಾ ಬಿದಿರಿನಿಂದ ಸುತ್ತುಗಟ್ಟಿದ ಜಾಗ ಕಂಡರೆ ದೂರವಿರಿ, ರಾತ್ರಿ ತೀರದ ಮೇಲೆ ಬ್ಯಾಟರಿ ಬೆಳಕು ಬಿಡಬೇಡಿರಿ. ಜೀವವಿರುವ ಚಿಪ್ಪನ್ನು ಮನೆಗೆ ತರಬೇಡಿರಿ. ತರುವುದಾದರೆ ಸಾಣಿಕಟ್ಟೆಯಿಂದ ಒಂದು ಸೇರು ಉಪ್ಪು ತನ್ನಿರಿ, ಮಾಣಿಕಟ್ಟೆಯಲ್ಲಿ ಯಾರಾದರೂ ಮಾರಿದರೆ ಒಂದು ಪಾವು ಕಗ್ಗದ ಅಕ್ಕಿ ತನ್ನಿರಿ. ನಾಲ್ಕು ಗುಂಪುಗಳಾಗಿ ಬೆಳಚಿನವರು, ಗಜನಿಯವರು, ಉಪ್ಪಿನವರು, ದೋಣಿಯವರು ಇವರೊಡನೆ ಮಾತಾಡಿ ಬರೆದುಕೊಳ್ಳಿರಿ. ಮಳೆಗಾಲ ಕಡಿಮೆಯಾದ ವರ್ಷ ನಿಮ್ಮ ಕೆಲಸ ಏನಾಗುತ್ತದೆ ಎಂದು ತಪ್ಪದೆ ಕೇಳಿರಿ. ಅವರು ದುಡಿಯುತ್ತಿರುವಾಗ ಅಡ್ಡ ನಿಲ್ಲಬೇಡಿರಿ, ಇಳಿತ ಮುಗಿದು ದಡಕ್ಕೆ ಬಂದ ಮೇಲೆ ಕೇಳಿರಿ. ನೀವು ಬರೆದು ತಂದದ್ದನ್ನು ಈ ಪತ್ರಿಕೆಯಲ್ಲಿ ಪ್ರಕಟಿಸಲು ಕಳುಹಿಸಿಕೊಡಿರಿ.

ಪ್ರವಾಸದ ದಿನವನ್ನು ಇನ್ನೂ ಗೊತ್ತುಮಾಡಿಲ್ಲವೆಂದು ಗುರುಗಳು ಹೇಳಿದರು. ರಜೆಯನ್ನಷ್ಟೇ ನೋಡದೆ ಪಂಚಾಂಗವನ್ನೂ ನೋಡಿರಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಕಡಲು ಬಹಳ ಏರುತ್ತದೆ, ಬಹಳ ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ವ್ಯತ್ಯಾಸ ಕಡಿಮೆ. ಬೆಳಚಿನ ದಿಬ್ಬಗಳು ಚೆನ್ನಾಗಿ ಮೇಲೇಳುವುದನ್ನು ನೋಡಬೇಕಾದರೆ ಅಮಾವಾಸ್ಯೆ ಕಳೆದ ಒಂದೆರಡು ದಿನ ಅನುಕೂಲ. ಇಳಿತದ ಗಳಿಗೆ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ತದಡಿಯಲ್ಲಿ ಹೊಳೆ ದಾಟಿಸುವ ದೋಣಿಯವರನ್ನು ಹಿಂದಿನ ಸಂಜೆಯೇ ಕೇಳಿದರೆ ಮರುದಿನ ಎಷ್ಟು ಗಂಟೆಗೆ ದಡದಲ್ಲಿರಬೇಕೆಂದು ಅವರು ಹೇಳುತ್ತಾರೆ.